ಸ್ವಾರಸ್ಯಕ್ಕೆ ಒಂದು ಅಂಕ

ವೈದ್ಯರ ಪರಿಭಾಷೆಯಲ್ಲಿ ‘ಸ್ವರಸ’ ಎಂಬ ಮಾತೊಂದುಂಟು. ಹಸಿಯ ಸೊಪ್ಪನ್ನು ಕುಟ್ಟಿ, ಬಟ್ಟೆಯಲ್ಲಿ ಹಿಂಡಿ ತೆಗೆದ ರಸ ಅದು. ಅದಕ್ಕೆ ನೀರು ಬೆರಸುವಂತಿಲ್ಲ, ಒಲೆಯ ಮೇಲಿಟ್ಟು ಕುದಿಸುವಂತಿಲ್ಲ. ಆ ಗಿಡಕ್ಕೆ ತನ್ನದೇ ಆದ ಸತ್ತ್ವ ಏನುಂಟೋ ಅಷ್ಟೇ ಅದರಲ್ಲಿರಬೇಕು. ಕಾವ್ಯವನ್ನು ಕುರಿತು ಮಾತನಾಡುವಾಗ ನಾವು ‘ಸ್ವಾರಸ್ಯ’ ಎನ್ನುತ್ತೇವಲ್ಲ, ಅದೂ ಇದೇ ಬಳಗದ ಶಬ್ದ. ಒಂದು ಮಾತನ್ನು ಓದಿದಾಗ, ಅಥವಾ ಕೇಳಿದಾಗ, ಅದರದೇ ಆದ ರಸ ನಮ್ಮ ನಾಲಗೆಗೆ ತಾಗಿತೆಂದು ಇದರ ಅರ್ಥ. ತಾಗಿದವನಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ಕುಳಿತವನು ಹೇಳಬಲ್ಲ ಸಂಗತಿಯಲ್ಲ. ಇಂಥ ಶಬ್ದವನ್ನು ಯಾರೋ ಪುಣ್ಯಾತ್ಮರು ಒಂದು ದಿನ ಪ್ರಶ್ನೆಪತ್ರಿಕೆಗೆ ತಂದರು; ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂದು ಅಪ್ಪಣೆ ಮಾಡಿದರು. ಅವರ ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಮಕ್ಕಳು ಪಾಠವನ್ನು ತಿಳಿದುಕೊಂಡರೆ ಸಾಲದು, ಸವಿಯಲೂ ಬೇಕು ಎಂದು ಅವರು ಬಯಸಿದರು. ಆದರೆ ಸವಿಯಬೇಕೆಂದು ಅಪ್ಪಣೆ ಕೊಟ್ಟಾಗ ಏನೇನು ಆಗಬಹುದೆಂಬುದನ್ನು ಅವರು ಯೋಚಿಸಿದಂತೆ ಕಾಣುವುದಿಲ್ಲ.

ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯನ್ನು ಬರೆದವರಿಗೂ, ಬರೆದ ಮಕ್ಕಳ ತಂದೆತಾಯಿಗಳಿಗೂ ಈ ಪ್ರಶ್ನೆಯ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಪಾಠದಿಂದ ಒಂದು ಮಾತನ್ನು ಎತ್ತಿ ಕೊಟ್ಟಿರುತ್ತಾರೆ. ಅದು ಯಾವ ಕೃತಿಯದು, ಯಾರು ಬರೆದದ್ದು ಎಂಬುದು ‘ಆಯ್ಕೆ’. ಯಾರು ಯಾರಿಗೆ ಯಾವಾಗ ಹೇಳಿದ್ದು ಎಂಬುದು ‘ಸಂದರ್ಭ’. ಅದರಲ್ಲಿ ಸೊಗಸೇನು ಎಂಬುದು ‘ಸ್ವಾರಸ್ಯ’. ಒಂದೊಂದಕ್ಕೆ ಒಂದೊಂದು ಅಂಕ. ಉಳಿದ ವಿಷಯಗಳಿಗೆ ನೂರಾದರೆ ಪ್ರಥಮ ಭಾಷೆಗೆ 125 ಎಂಬ ಲೆಕ್ಕ ನಮ್ಮಲ್ಲಿ ಅನೇಕ ವರ್ಷ ನಡೆದುಬಂತು. 25 ಶಾಲೆಯಲ್ಲೇ ಕೊಡುವುದು, 100 ಬರೆದು ಗಳಿಸುವುದು. ಒಟ್ಟು 625ಕ್ಕೆ 625 ತೆಗೆದ ಮಕ್ಕಳ ಭಾವಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾಗುವ ಕಾಲ ಇದು. ಇಂಥ ಕಾಲದಲ್ಲಿ ಒಂದಂಕವೆಂದರೆ ಸಣ್ಣದಲ್ಲ. ಒಂದಂಕದಲ್ಲಿ ಬೇಕಾದ ಕಾಲೇಜು ತಪ್ಪಬಹುದು. ಬಡವರ ಮಗುವಾದರೆ ಓದೇ ತಪ್ಪಬಹುದು.

ಈ ಒಂದಂಕದ ಸ್ವಾರಸ್ಯವನ್ನು ಸಂಪಾದಿಸುವ ಬಗೆ ಹೇಗೆಂಬುದನ್ನು ಕಳೆದ ಮಾರ್ಚಿ ತಿಂಗಳಲ್ಲಿ ಕೆಲವು ದಿನ ಕಿವಿಯಾರೆ ಕೇಳುವ ಅವಕಾಶ ನನಗೆ ಒದಗಿತು. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳೂ ಅವಳ ಮೂವರು ಗೆಳತಿಯರೂ ಸಂಜೆ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದರು. ಮೆಟ್ಟಿಲ ಪಕ್ಕದಲ್ಲೇ ನನ್ನ ಕಿಟಕಿ. ಓದುತ್ತಿದ್ದರು ಎಂದೆ, ನಿಜವಾಗಿ ಅಲ್ಲಿ ಓದಿಗಿಂತ ಹೆಚ್ಚಾಗಿ ನಡೆಯುತ್ತಿದ್ದದ್ದು ಉಪಾಯಗಳ ವಿನಿಮಯ.

“ಕವಿ ಪರಿಚಯ ಮಾತ್ರ ಬಿಡಬೇಡ ಕಣೇ. ಕಾಲ, ಸ್ಥಳ, ಕೃತಿ, ಪ್ರಶಸ್ತಿ. ಇಷ್ಟು ಬರೆದ್ರೆ ಮಾರ್ಕ್ಸ್ ಕೈಲಿದ್ದ ಹಾಗೆ.”

“ಛಂದಸ್ಸಿಗೆ ಹೆದರ್ಕೋಬೇಡ. ಷಟ್ಪದಿ ಬಂದ್ರೆ ಮೊದಲನೇ ಸಾಲಿನ ಮಾತ್ರೆ ಎಣಿಸು. ಹದಿನಾಲ್ಕು ಬಂದ್ರೆ ಭಾಮಿನಿ, ಇಪ್ಪತ್ತು ಬಂದ್ರೆ ವಾರ್ಧಕ.”

“ಗಾದೆ ಯಾವುದೇ ಬರಲಿ, ಶುರು ಮಾತ್ರ ಒಂದೇ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ಬರಿ.”

“ಮತ್ತೆ ಸ್ವಾರಸ್ಯಕ್ಕೆ?”

“ಅದು ಎಲ್ಲಕ್ಕಿಂತ ಸುಲಭ. ಸಂದರ್ಭದಲ್ಲಿ ಬರೆದದ್ದನ್ನೇ ಒಂಚೂರು ತಿರುಗಿಸಿ ಬರೆದು, ಕೊನೇಲಿ ‘ಎಂಬುದು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಅಂತ ಸೇರಿಸು. ಯಾವ ಪಾಠಕ್ಕಾದ್ರೂ ಹೊಂದತ್ತೆ.”

ಯಾವ ಪಾಠಕ್ಕಾದರೂ ಹೊಂದುತ್ತದೆ! ಒಂದು ಮಾತಿಗೆ ಮಾತ್ರ ಸೇರಿದ್ದು, ಇನ್ನೊಂದಕ್ಕೆ ಹೊಂದದ್ದು ಯಾವುದೋ ಅದಕ್ಕೆ ಸ್ವಾರಸ್ಯವೆಂದು ಹೆಸರು. ಎಲ್ಲಕ್ಕೂ ಹೊಂದುವ ಸ್ವಾರಸ್ಯವೊಂದನ್ನು ಈ ಮಕ್ಕಳು ಕಂಡುಹಿಡಿದಿದ್ದಾರೆ ಎಂದುಕೊಂಡು ಒಬ್ಬನೇ ನಕ್ಕೆ. ಆದರೆ ಆ ರಾತ್ರಿ ಅದೇ ಮಾತು ಬಹಳ ಹೊತ್ತು ತಲೆಯಲ್ಲಿ ತಿರುಗುತ್ತಿತ್ತು. ಇದರಲ್ಲಿ ತಪ್ಪುಂಟೆ? ಉಂಟಾದರೆ ಯಾರದು?

ಮೊದಲು ತಪ್ಪಲ್ಲದ್ದನ್ನು ಬೇರೆ ಮಾಡಬೇಕು. ಚೀಟಿ ಒಯ್ಯುವುದು, ಪ್ರಶ್ನೆಪತ್ರಿಕೆಯನ್ನು ಮುಂಚೆಯೇ ದೊರಕಿಸುವುದು ಇವುಗಳ ವಿಚಾರ ಇಲ್ಲಿಲ್ಲ. ಅವು ಕಳ್ಳತನ, ಅದಕ್ಕೆ ತತ್ತ್ವಜಿಜ್ಞಾಸೆ ಬೇಕಾಗಿಲ್ಲ. ಮೆಟ್ಟಿಲ ಮೇಲಿನ ಮಕ್ಕಳು ಮಾಡುತ್ತಿದ್ದದ್ದು ತಮಗೆ ತಿಳಿದ ದಾರಿಯನ್ನು ಜೊತೆಯವರಿಗೆ ತೋರಿಸುವ ಕೆಲಸ. ಅದನ್ನು ನೋಡಿದಾಗ ನನಗೆ ಗೌರವವೇ ಹುಟ್ಟಿತು. ಪರೀಕ್ಷೆಯೆಂಬುದು ಒಬ್ಬರ ಮೇಲೊಬ್ಬರನ್ನು ನಿಲ್ಲಿಸುವ ಏಣಿ. ಜೊತೆಯವಳಿಗೆ ಉಪಾಯ ಹೇಳಿಕೊಟ್ಟರೆ ಅವಳು ತನಗಿಂತ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಅದು ಗೊತ್ತಿದ್ದೂ ಹೇಳಿಕೊಡುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ಟ್ಯೂಷನ್ನಿಗೆ ಹೋಗುವ ಹುಡುಗಿ ಅಲ್ಲಿ ಕಲಿತದ್ದನ್ನು, ಹೋಗಲಾರದವಳಿಗೆ ಕಡಲೆಕಾಯಿ ಹಂಚಿದಷ್ಟು ಸಲೀಸಾಗಿ ಹಂಚಿಬಿಡುತ್ತಾಳೆ. ದೊಡ್ಡವರಾದ ನಾವು ನಮ್ಮ ನಮ್ಮ ಕಛೇರಿಗಳಲ್ಲಿ ಇಷ್ಟು ಧಾರಾಳವಾಗಿ ನಡೆದುಕೊಳ್ಳುವುದನ್ನು ನಾನು ಕಂಡಿಲ್ಲ.

ಇನ್ನು ಉಪಾಯಗಳೇ ಹೀನವೆಂದು ಹೇಳುವವರುಂಟು. ಮಾತ್ರೆ ಎಣಿಸಿ ಭಾಮಿನಿಯೆಂದು ಕೂಗುವುದು ಕಾವ್ಯಾಭ್ಯಾಸವೆ, ಎಂದು ಅವರು ಮೂಗು ಮುರಿಯುತ್ತಾರೆ. ಇದು ನನಗೆ ಒಪ್ಪಿಗೆಯಲ್ಲ. ಉಪಾಯ ಹೇಳಿಕೊಡುವ ಸಂಪ್ರದಾಯ ನಮ್ಮ ಛಂದಶ್ಶಾಸ್ತ್ರದಷ್ಟೇ ಗೌರವಸ್ಥವಾದದ್ದು. ‘ಯಮಾತಾರಾಜಭಾನಸಲಗಂ’ ಎಂಬ ಅರ್ಥವಿಲ್ಲದ ಒಂದು ಸರಮಾಲೆಯಲ್ಲಿ ಎಂಟು ಗಣಗಳನ್ನೂ ಕಟ್ಟಿಕೊಟ್ಟವನು ಪರೀಕ್ಷೆಯ ಹಿಂದಿನ ರಾತ್ರಿಯ ಹುಡುಗರ ಕಷ್ಟವನ್ನು ಬಲ್ಲವನೇ ಇರಬೇಕು. ಮೊದಲಲ್ಲಿ ಒಂದು ಗುರು ಬಂದರೆ ಉತ್ಪಲಮಾಲೆ, ಮೂರು ಬಂದರೆ ಶಾರ್ದೂಲ, ನಾಲ್ಕು ಬಂದರೆ ಸ್ರಗ್ಧರೆ, ನಾಲ್ಕು ಲಘು ಬಂದರೆ ಚಂಪಕಮಾಲೆ ಎಂದು ಆರು ಖ್ಯಾತಕರ್ಣಾಟಕ ವೃತ್ತಗಳ ಗುರುತನ್ನು ಒಂದೇ ಪದ್ಯದಲ್ಲಿ ಹೇಳುವ ಲಕ್ಷಣಪದ್ಯ ನಮ್ಮ ಹಿರಿಯರಿಗೆಲ್ಲ ಬಾಯಿಪಾಠವಾಗಿತ್ತು. ಆ ಪದ್ಯವೇ ಮತ್ತೇಭವಿಕ್ರೀಡಿತದಲ್ಲಿದೆ. ಉಪಾಯವನ್ನು ಹೇಳುತ್ತ ಹೇಳುತ್ತ ಆ ಆರರಲ್ಲೊಂದಕ್ಕೆ ತಾನೇ ಉದಾಹರಣೆಯಾಗಿ ನಿಲ್ಲುತ್ತದೆ. ಮಾತ್ರೆ ಎಣಿಸುವ ಹುಡುಗಿ ಇಂದು ಬೆರಳಲ್ಲಿ ಎಣಿಸುತ್ತಾಳೆ. ಎಣಿಸಿ ಎಣಿಸಿ ಒಂದು ದಿನ ಆ ಮೂರು ನಾಲ್ಕರ ನಡಿಗೆ ಅವಳ ಕಿವಿಗೆ ಇಳಿಯಬಹುದು. ಬೆರಳಿನಿಂದ ಕಿವಿಗೆ ದಾರಿಯುಂಟು. ಆದುದರಿಂದ ಈ ಬಗೆಯ ಉಪಾಯದ ಮೇಲೆ ನನ್ನ ತಕರಾರಿಲ್ಲ. ಗಾದೆಯ ಉಪಾಯದ ಮೇಲೂ ಇಲ್ಲ, ಅದೊಂದು ನಗೆಚಾಟಿಕೆ ಅಷ್ಟೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯೂ ಸುಳ್ಳಾಗದು, ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು’ ಎಂಬುದೂ ಸುಳ್ಳಾಗದು. ಎರಡು ಗಾದೆ ಒಂದನ್ನೊಂದು ಹೊಡೆದರೂ ಎರಡೂ ಸುಳ್ಳಾಗವು. ಪಾಪ, ವೇದಕ್ಕೆ ಮಾತ್ರ ಪ್ರತಿ ಮಾರ್ಚಿಯಲ್ಲೂ ಅಪವಾದ ತಪ್ಪಿದ್ದಲ್ಲ.

ನನ್ನನ್ನು ಕಾಡುವುದು ಸ್ವಾರಸ್ಯದ ಉಪಾಯ. ಅದಕ್ಕೂ ಉಳಿದವುಗಳಿಗೂ ಜಾತಿಯಲ್ಲೇ ವ್ಯತ್ಯಾಸವಿದೆ. ಪದ್ಯ ಭಾಮಿನಿಯಲ್ಲಿದೆ ಎಂದು ಬರೆದರೆ ಅದು ಪದ್ಯವನ್ನು ಕುರಿತ ಮಾತು. ನಿಜವೋ ಸುಳ್ಳೋ ಯಾರು ಬೇಕಾದರೂ ಎಣಿಸಿ ನೋಡಬಹುದು. ಈ ಮಾತು ಸ್ವಾರಸ್ಯವಾಗಿದೆ ಎಂದು ಬರೆದರೆ ಅದು ಸಾಕ್ಷಿ. ‘ನಾನು ಇದನ್ನು ಸವಿದೆ, ಹೀಗಿತ್ತು’ ಎಂದು ಹದಿನೈದು ಹದಿನಾರು ವರ್ಷದ ಮಗು ತನ್ನ ಕೈಬರಹದಲ್ಲಿ ಸಾಕ್ಷಿ ಹೇಳುತ್ತದೆ. ಸವಿಯದೆ ಹೇಳಿದ್ದಾದರೆ ಅದಕ್ಕೆ ಏನೆಂದು ಹೆಸರಿಡೋಣ? ಸುಳ್ಳುಸಾಕ್ಷಿ ಎಂಬುದು ಹೆಚ್ಚಿನ ಮಾತಾಯಿತೆನ್ನಬಹುದು. ಹೆಚ್ಚಿನ ಮಾತು ಹೌದು. ಆದರೆ ಅದಕ್ಕೆ ಹತ್ತಿರದ ಇನ್ನೊಂದು ಶಬ್ದ ನನಗೆ ತೋಚುತ್ತಿಲ್ಲ.

ಅಭಿರುಚಿಯನ್ನು ಪರೀಕ್ಷಿಸಲು ಸಾಧ್ಯವೇ ಎಂಬ ಪ್ರಶ್ನೆ ನಮ್ಮದು ಮಾತ್ರವಲ್ಲ, ಇಂದಿನದೂ ಅಲ್ಲ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳನ್ನು ಕಟ್ಟಿದಾಗ ಅವಕ್ಕೆ ಮಾದರಿಯಾದದ್ದು ಲಂಡನ್ ವಿಶ್ವವಿದ್ಯಾನಿಲಯ. ಅದು ಆಗ ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತು. ನಮ್ಮಲ್ಲಿ ಕಾವ್ಯವೂ ಪರೀಕ್ಷೆಯೂ ಒಂದೇ ಗಾಡಿಯಲ್ಲಿ ಬಂದಿಳಿದವು ಎನ್ನಬೇಕು. ವಿನೋದವೇನೆಂದರೆ, ನಮ್ಮ ಹುಡುಗರು ಷೇಕ್ಸ್‌ಪಿಯರನ ಮೇಲೆ ಉತ್ತರ ಬರೆದು ತೇರ್ಗಡೆಯಾಗುತ್ತಿದ್ದ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಇನ್ನೂ ಇಂಗ್ಲಿಷ್ ಸಾಹಿತ್ಯಕ್ಕೆಂದು ಪ್ರತ್ಯೇಕ ಶಾಖೆಯೇ ಇರಲಿಲ್ಲ. ಅಂಥದನ್ನು ತೆರೆಯಬೇಕೆಂಬ ಸೂಚನೆ 1887ರಲ್ಲಿ ಬಂದಾಗ ಅಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿದ್ದ ಎಡ್ವರ್ಡ್ ಫ್ರೀಮನ್ ಕಟುವಾಗಿ ವಿರೋಧಿಸಿದ. ಒಬ್ಬನ ರುಚಿಯನ್ನೂ ಅನುಕಂಪವನ್ನೂ ಪರೀಕ್ಷೆ ಮಾಡುವುದು ಹೇಗೆ, ಎಂಬುದು ಅವನ ವಾದದ ತಿರುಳು. ಮುಂದೆ 1890ರ ದಶಕದಲ್ಲಿ ಶಾಖೆ ತೆರೆದರು. ಆದರೆ ಫ್ರೀಮನ್ನನಂಥವರಿಗೆ ಉತ್ತರವಾಗಿ ಹಳೆಯ ಇಂಗ್ಲಿಷನ್ನೂ ಭಾಷಾಶಾಸ್ತ್ರವನ್ನೂ ಧಾರಾಳವಾಗಿ ತುಂಬಿದರು. ರುಚಿಯನ್ನು ಅಳೆಯಲಾಗದಿದ್ದರೆ ಅಳೆಯಬಹುದಾದದ್ದು ಏನಾದರೂ ಇರಲಿ ಎಂಬ ಎಣಿಕೆ. ನಮ್ಮ ‘ಕವಿ ಪರಿಚಯ’ಕ್ಕೂ ಇದೇ ಮೂಲವಿದ್ದೀತು.

ಹೆಸರಿನ ಆಸರೆಯಿಲ್ಲದೆ ಓದುವುದು ಎಷ್ಟು ಕಷ್ಟವೆಂಬುದನ್ನು ಕೇಂಬ್ರಿಡ್ಜಿನಲ್ಲಿ ಐ. ಎ. ರಿಚರ್ಡ್ಸ್ ತೋರಿಸಿಕೊಟ್ಟದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅವನು ಪದ್ಯಗಳಿಂದ ಕವಿಯ ಹೆಸರನ್ನು ಕಿತ್ತುಹಾಕಿ ವಿದ್ಯಾರ್ಥಿಗಳ ಕೈಗೆ ಕೊಟ್ಟು, ತೋಚಿದ್ದನ್ನು ಬರೆಯಿರೆಂದ. ಅಂಥ ಹದಿಮೂರು ಪದ್ಯಗಳ ಮೇಲೆ ಬಂದ ಬರಹಗಳನ್ನು 1929ರಲ್ಲಿ ಪುಸ್ತಕಮಾಡಿದ. ಹೆಸರು ಹೋದೊಡನೆ ಡನ್, ಹಾಪ್ಕಿನ್ಸ್, ಲಾರೆನ್ಸರ ಪದ್ಯಗಳನ್ನೂ ಬಹಳ ಮಂದಿ ಕಳಪೆಯೆಂದು ತಳ್ಳಿಬಿಟ್ಟಿದ್ದರು. ಇದನ್ನು ಓದಿ ನಗುವವರು ನಗಲಿ. ನನಗೆ ಕಂಡದ್ದು ಬೇರೆ. ಆ ಹುಡುಗರು ತಪ್ಪು ಹೇಳಿದರೂ ತಮ್ಮ ಬಾಯಿಂದ ಹೇಳಿದರು. ಅವರಿಗೆ ಅದು ಸಾಧ್ಯವಾದದ್ದು ಏಕೆ? ಅಲ್ಲಿ ಅಂಕವಿರಲಿಲ್ಲ, ಬರೆದವರು ತಮ್ಮ ಹೆಸರನ್ನೂ ಹಾಕಬೇಕಾಗಿರಲಿಲ್ಲ.

ನಮ್ಮ ಮಗುವಿನ ಸ್ಥಿತಿ ಹಾಗಲ್ಲ. ಅದಕ್ಕಾಗಿಯೇ ಸಿದ್ಧ ಉತ್ತರದ ಪರವಾಗಿ ಹೇಳಬೇಕಾದದ್ದನ್ನೂ ಹೇಳಲೇಬೇಕು. ಅದು ಹಗುರವಾದ ವಾದವಲ್ಲ. ಬಹಳ ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನ ಮಿತ್ರರೊಬ್ಬರು ಒಮ್ಮೆ ಈ ವಿಷಯವನ್ನು ನನಗೆ ಬಿಡಿಸಿ ಹೇಳಿದರು. “ನೋಡಿ, ರಾಯಚೂರಿನ ಕಡೆಯ ಹಳ್ಳಿಯ ಮಗುವಿನ ಪತ್ರಿಕೆಯೂ ಬರುತ್ತದೆ, ಬೆಂಗಳೂರಿನಲ್ಲಿ ಅಜ್ಜನ ಕಾಲದಿಂದ ಪುಸ್ತಕವಿರುವ ಮನೆಯ ಮಗುವಿನ ಪತ್ರಿಕೆಯೂ ಬರುತ್ತದೆ. ನನಗೆ ಹೆಸರಿಲ್ಲ, ಊರಿಲ್ಲ. ನನಗೆ ಚೆನ್ನಾಗಿ ಕಂಡ ಸ್ವಾರಸ್ಯಕ್ಕೆ ಅಂಕ ಕೊಡುತ್ತೇನೆಂದು ಹೊರಟರೆ ಗೆಲ್ಲುವುದು ಎರಡನೆಯ ಮಗು. ಸ್ವಂತ ಮಾತು ಎಂದು ನೀವು ಹೇಳುವುದು ಎಷ್ಟೋ ವೇಳೆ ಅದರ ಮನೆಯ ಮಾತು. ಸಿದ್ಧ ಉತ್ತರವಾದರೆ ಇಬ್ಬರಿಗೂ ಒಂದೇ ಬೆಲೆ.” ಅಲ್ಲದೆ, ಈಗ ಪತ್ರಿಕೆಯ ನಕಲನ್ನು ತರಿಸಿ ನೋಡಬಹುದು, ಮರುಮೌಲ್ಯಮಾಪನ ಕೇಳಬಹುದು. ಕೊಟ್ಟ ಅಂಕಕ್ಕೂ ಕೊಡದ ಅಂಕಕ್ಕೂ ಕಾರಣ ತೋರಿಸಬೇಕು. ಉತ್ತರಸೂಚಿಯಲ್ಲಿದ್ದದ್ದಕ್ಕೆ ಕಾರಣ ತೋರಿಸುವುದು ಸುಲಭ. ಮನಸ್ಸಿಗೆ ಹಿಡಿಸಿದ್ದಕ್ಕೆ ತೋರಿಸುವುದು ಕಷ್ಟ.

ಈ ವಾದಕ್ಕೆ ನನ್ನಲ್ಲಿ ಪೂರ್ತಿಯಾದ ಉತ್ತರವಿಲ್ಲ. ನ್ಯಾಯಕ್ಕಾಗಿ ರುಚಿಯನ್ನು ತೆತ್ತಿದ್ದೇವೆ ಎಂದಾಯಿತು. ನ್ಯಾಯ ಕಡಮೆಯ ವಸ್ತುವಲ್ಲ. ಆದರೆ ಇನ್ನೊಂದು ವಾದವಿದೆ. ಇದಕ್ಕೆ ಉತ್ತರ ಹೇಳಬಲ್ಲೆ. ‘ಈಗ ಬಾಯಿಪಾಠ ಮಾಡಲಿ, ಮುಂದೆ ಅರ್ಥವಾಗುತ್ತದೆ’ ಎನ್ನುತ್ತಾರಲ್ಲ, ಅದು. ಕಾವ್ಯದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿ ತಿಳಿಯಾದವನೇ ಸಹೃದಯ ಎಂದು ಅಭಿನವಗುಪ್ತ ಹೇಳಿದ್ದಾನೆ. ಅಭ್ಯಾಸವೆಂದಮೇಲೆ ಮತ್ತೆ ಮತ್ತೆ ಹೇಳುವುದೂ ಬಂತಲ್ಲ ಎಂದು ಇದಕ್ಕೆ ಪ್ರಮಾಣವನ್ನೂ ಕೊಡಬಹುದು. ಅರ್ಧ ನಿಜ. ಐದು ಅಂಕಕ್ಕಾಗಿ ಉರುಹೊಡೆದ ಕುಮಾರವ್ಯಾಸನ ಪದ್ಯ ನಲವತ್ತು ವರ್ಷ ಒಳಗೆ ಸುಮ್ಮನೆ ಬಿದ್ದಿದ್ದು, ಯಾವುದೋ ಆಸ್ಪತ್ರೆಯ ಜಗಲಿಯಲ್ಲಿ ರಾತ್ರಿ ಕಾಯುತ್ತ ಕುಳಿತಾಗ ತಾನಾಗಿ ಬಾಯಿಗೆ ಬಂದು, ಅದರ ಅರ್ಥ ಆಗ ಮೊದಲ ಸಲ ಹೊಳೆದದ್ದನ್ನು ಹೇಳಿದವರು ನನಗೆ ಒಬ್ಬಿಬ್ಬರಲ್ಲ. ಹೀಗೆ ಒಳಗೆ ಹಣ್ಣಾದದ್ದು ಪದ್ಯ. ಆ ಪದ್ಯದ ಸ್ವಾರಸ್ಯವೆಂದು ಗೈಡಿನಿಂದ ಬಾಯಿಪಾಠ ಮಾಡಿದ್ದರಲ್ಲ, ಆ ವಾಕ್ಯ ಯಾರಿಗಾದರೂ ನಡುವಯಸ್ಸಿನಲ್ಲಿ ನೆನಪಾದದ್ದುಂಟೆ? ‘ಮನೋಜ್ಞವಾಗಿ ಮೂಡಿಬಂದಿದೆ’ ಎಂಬ ಮಾತು ಯಾರ ದುಃಖದಲ್ಲಿ ಯಾರ ಕೈ ಹಿಡಿದಿದೆ? ಬೀಜವನ್ನು ಅರ್ಥವಿಲ್ಲದೆ ನುಂಗಿದರೂ ಎಲ್ಲೋ ಬಿದ್ದು ಮೊಳೆಯುತ್ತದೆ. ಇನ್ನೊಬ್ಬನು ಹಣ್ಣು ತಿಂದು ಬಾಯಿ ಚಪ್ಪರಿಸಿದ ಸದ್ದನ್ನು ಎಷ್ಟು ಜೋಪಾನವಾಗಿ ಕಾಪಾಡಿದರೂ ಮೊಳೆಯುವುದಕ್ಕೆ ಅದರಲ್ಲಿ ಏನಿದೆ?

ಆದ್ದರಿಂದ ಬಾಯಿಪಾಠವನ್ನು ಬಯ್ಯುವವರ ಜೊತೆಗೂ ನಾನು ಸೇರಲಾರೆ, ಅದನ್ನು ಸಾರಾಸಗಟಾಗಿ ಹೊಗಳುವವರ ಜೊತೆಗೂ ಸೇರಲಾರೆ. ಇನ್ನೂ ಇಪ್ಪತ್ತು ಪದ್ಯಗಳನ್ನು ಬಾಯಿಪಾಠ ಮಾಡಿಸಿದರೂ ನನ್ನ ಆಕ್ಷೇಪಣೆಯಿಲ್ಲ. ಹೊಗಳಿಕೆಯನ್ನು ಬಾಯಿಪಾಠ ಮಾಡಿಸಬಾರದು. ಅದರಿಂದ ಆಗುವ ಹಾನಿಯೂ ಬರಿಯ ಶೂನ್ಯವಲ್ಲ. ಸವಿಯದೆಯೇ ಸವಿದೆನೆಂದು ಹತ್ತು ಸಲ ಬರೆದು ಹತ್ತು ಸಲವೂ ಅಂಕ ಪಡೆದ ಮಗುವಿಗೆ, ಸವಿಯೆಂದರೆ ಇದೇ, ಹೀಗೆ ಬರೆಯುವುದೇ, ಎಂದು ತೋರತೊಡಗುತ್ತದೆ. ಮುಂದೆ ಅದು ಪುಸ್ತಕದ ಅಂಗಡಿಯ ಮುಂದೆ ಹಾದುಹೋಗುವಾಗ ಕಾಲು ನಿಧಾನಮಾಡದಿದ್ದರೆ ಆಶ್ಚರ್ಯವೇನು? ಈ ನಾಡಿನ ಜನ ಕ್ರಮವಾಗಿ ಓದದೆಯೂ ಕಾವ್ಯದಲ್ಲಿ ಪಳಗಿದ ಬುದ್ಧಿಯವರು ಎಂದು ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ ಹೊಗಳಿತು. ಓದದೆಯೂ ಎಂಬ ಭಾಗವನ್ನು ನಮ್ಮ ಗೈಡುಗಳು ಚಾಚೂ ತಪ್ಪದೆ ನಡೆಸುತ್ತಿವೆ.

ಮೆಟ್ಟಿಲ ಮೇಲೆ ಪರೀಕ್ಷೆಗೆ ನಾಲ್ಕು ದಿನವಿರುವಾಗ ನಡೆದ ಇನ್ನೊಂದು ಮಾತುಕತೆಯನ್ನು ಇಲ್ಲಿ ಹೇಳಬೇಕು. ಅವರು ಅಂದು ‘ವೃಕ್ಷಸಾಕ್ಷಿ’ಯನ್ನು ಓದುತ್ತಿದ್ದರು. ಹನ್ನೊಂದನೆಯ ಶತಮಾನದ ದುರ್ಗಸಿಂಹನ ‘ಪಂಚತಂತ್ರ’ದ ಕಥೆ ಅದು, ಹತ್ತನೆಯ ತರಗತಿಗೆ ಹಲವು ವರ್ಷಗಳಿಂದ ಪಾಠವಾಗಿದೆ. ಧರ್ಮಬುದ್ಧಿ, ದುಷ್ಟಬುದ್ಧಿ ಎಂಬ ಇಬ್ಬರು ವರ್ತಕರು ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ರಾತ್ರಿ ಬಂದು ಅದನ್ನು ಕದ್ದು, ಕಳ್ಳತನವನ್ನು ಧರ್ಮಬುದ್ಧಿಯ ಮೇಲೆ ಹೊರಿಸಿ, ಆ ಮರವೇ ನನಗೆ ಸಾಕ್ಷಿ ಎನ್ನುತ್ತಾನೆ. ಮನೆಗೆ ಹೋಗಿ ತನ್ನ ಮುದಿತಂದೆಯನ್ನು ಮರದ ಪೊಟರೆಯಲ್ಲಿ ಅವಿತು ಕುಳಿತು ಮರದ ದನಿಯಾಗಿ ಮಾತನಾಡೆಂದು ಒಪ್ಪಿಸುತ್ತಾನೆ. ಮರ ಸಾಕ್ಷಿ ನುಡಿಯುತ್ತದೆ. ಧರ್ಮಬುದ್ಧಿಗೆ ಅನುಮಾನ ಬಂದು ಪೊಟರೆಗೆ ಬೆಂಕಿಯಿಡುತ್ತಾನೆ. ಹೊಗೆಯುರಿಗಳನ್ನು ತಾಳಲಾರದೆ ಮುದುಕ ಹೊರಕ್ಕೆ ಬೀಳುತ್ತಾನೆ.

ಎಂದಿನಂತೆ ಒಬ್ಬಳು ಸ್ವಾರಸ್ಯವನ್ನು ಒಪ್ಪಿಸಿದಳು: ಧರ್ಮಕ್ಕೆ ಜಯ, ಅಧರ್ಮಕ್ಕೆ ಅಪಜಯ ಎಂಬುದು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ. ಆಗ ಮಹಡಿಯ ಮನೆಯ ಹುಡುಗಿ ಸ್ವಲ್ಪ ತಡೆದು ಕೇಳಿದಳು:

“ಆ ಅ‍ಪ್ಪನ ಹೆಸರು ಪ್ರೇಮಮತಿ ಅಂತ ಯಾಕಿಟ್ಟಿದ್ದಾರೆ?”

“ಹೆಸರು ಕಣೇ ಅದು, ಸುಮ್ನೆ.”

“ಅವನು ಧರ್ಮಬುದ್ಧಿ ಅಂದ್ರೆ ಒಳ್ಳೇವನು, ಇವನು ದುಷ್ಟಬುದ್ಧಿ ಅಂದ್ರೆ ಕೆಟ್ಟವನು. ಆ ಎರಡು ಹೆಸರಿಗೂ ಅರ್ಥ ಇದೆ ಅಂದಮೇಲೆ ಇದಕ್ಕೂ ಇರ್ಬೇಕಲ್ಲ. ಅಪ್ಪ ಮೊದಲು ಇದು ಬೇಡ, ನಮ್ಮ ಕುಲಕ್ಕೇ ಕೇಡು ಅಂತಾನೆ. ಆಮೇಲೂ ಹೋಗಿ ಕೂತ್ಕೋತಾನೆ. ಯಾಕೆ? ಮಗ ಅಂತ. ಅವನು ಕೆಟ್ಟವನಲ್ಲ ಕಣೇ, ಪ್ರೀತಿ. ನಂಗೆ ಅವನನ್ನ ನೋಡಿದ್ರೆ ಪಾಪ ಅನ್ನಿಸತ್ತೆ. ಸ್ವಾರಸ್ಯಕ್ಕೆ ಇದನ್ನ ಬರೀಬಹುದಾ?”

ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ನಾನು ಕಿಟಕಿಯ ಒಳಗೆ ಪತ್ರಿಕೆಯ ಪುಟ ಮಗುಚುವುದನ್ನೂ ನಿಲ್ಲಿಸಿದೆ. ಆ ಪಾಠವನ್ನು ನಾನೂ ಓದಿದ್ದೆ. ಹೆಸರನ್ನು ಹೀಗೆ ಹಿಂಡಿ ನೋಡಿರಲಿಲ್ಲ. ದುರ್ಗಸಿಂಹ ಆ ಮುದುಕನ ಹೆಸರಿನಲ್ಲಿ ಅಡಗಿಸಿಟ್ಟ ರಸ ಸಾವಿರ ವರ್ಷದ ಮೇಲೆ ಒಂದು ಬಾಡಿಗೆಮನೆಯ ಮೆಟ್ಟಿಲ ಮೇಲೆ ಒಂದು ಮಗುವಿನ ನಾಲಗೆಗೆ ತಾಗಿತ್ತು. ಆಗ ಎಲ್ಲರಿಗಿಂತ ಬುದ್ಧಿವಂತೆಯಾದ ಹುಡುಗಿ ತೀರ್ಪು ಕೊಟ್ಟಳು: “ಬೇಡ ಕಣೇ. ಕೀ ಆನ್ಸರಲ್ಲಿ ಇರಲ್ಲ. ಮಾರ್ಕ್ಸ್ ಹೋಗತ್ತೆ.”

ಬುದ್ಧಿವಂತೆ ಹೇಳಿದ್ದರಲ್ಲಿ ಕ್ರೌರ್ಯವಿರಲಿಲ್ಲ. ಗೆಳತಿಯ ಅಂಕ ಉಳಿಯಲೆಂಬ ಕಾಳಜಿಯಿತ್ತು. ಅದೇ ನನಗೆ ಹೆಚ್ಚು ನಾಟಿದ್ದು. ಅಂದಿನಿಂದ ಆ ಕಥೆ ನನ್ನ ಮನಸ್ಸಿನಲ್ಲಿ ಬೇರೆ ರೂಪ ತಾಳಿದೆ. ಉತ್ತರಪತ್ರಿಕೆಯೇ ಆ ಮರ. ಸ್ವಾರಸ್ಯವಾಗಿದೆ ಎಂದು ಅದರಿಂದ ಹೊರಡುವ ದನಿ ಮರದ್ದಲ್ಲ. ಪೊಟರೆಯಲ್ಲಿ ಇನ್ನೊಬ್ಬರು ಕುಳಿತಿದ್ದಾರೆ. ಯಾರವರು? ದುಷ್ಟರಲ್ಲ, ಪ್ರೇಮಮತಿಗಳೇ. ಗೈಡು ತಂದುಕೊಟ್ಟ ತಂದೆ. ಉಪಾಯ ಹೇಳಿಕೊಟ್ಟ ಗೆಳತಿ. ಹಿಂದುಳಿದ ಮಕ್ಕಳು ಹೇಗಾದರೂ ತೇರ್ಗಡೆಯಾಗಲೆಂದು ‘ಪಾಸಿಂಗ್ ಪ್ಯಾಕೇಜ್’ ಸಿದ್ಧಪಡಿಸಿ, ಸಂಜೆ ಏಳರವರೆಗೆ ಶಾಲೆಯಲ್ಲಿ ಕುಳಿತು ಹೇಳಿಸಿ ಬರೆಸುವ ಸರ್ಕಾರಿ ಶಾಲೆಯ ಮೇಷ್ಟರು. ಆ ಮೇಷ್ಟರಿಗೂ ಒಮ್ಮೆ ಪಂಪನನ್ನು ಓದಿ ರೋಮಾಂಚವಾಗಿತ್ತು. ಈಗ ಅವರ ಶಾಲೆಯ ಫಲಿತಾಂಶ ಇಷ್ಟೇಕೆ ಎಂದು ಮೇಲಿನಿಂದ ಕೇಳುತ್ತಾರೆ. ಬೇಡವೆಂದು ಗೊತ್ತಿದ್ದೂ, ಮಕ್ಕಳ ಮೇಲಿನ ಪ್ರೀತಿಯಿಂದ, ಹೋಗಿ ಪೊಟರೆಯಲ್ಲಿ ಕೂರುತ್ತಾರೆ. ಇಂಥವರಿಗೆ ಬೆಂಕಿ ಹಚ್ಚಲು ನನಗೆ ಕೈ ಬರುವುದಿಲ್ಲ.

ಆದರೆ ಮರವನ್ನು ಸಾಕ್ಷಿಗೆ ಕರೆದವರು ಯಾರೆಂದು ಕೇಳಬಹುದಲ್ಲವೆ? ಮಾತನಾಡಲಾರದ ಮರವನ್ನು ನ್ಯಾಯಸ್ಥಾನಕ್ಕೆ ಎಳೆಯದಿದ್ದರೆ ಪೊಟರೆಯಲ್ಲಿ ಯಾರೂ ಕೂರಬೇಕಾಗಿರಲಿಲ್ಲ. ‘ಇದರಲ್ಲಿ ಸ್ವಾರಸ್ಯವಿದೆ, ಹೌದೆನ್ನು’ ಎಂದು ಪ್ರಶ್ನೆಯೇ ಮುಂಚಿತವಾಗಿ ತೀರ್ಮಾನಿಸಿಬಿಟ್ಟರೆ ಮಗುವಿಗೆ ಉಳಿಯುವ ದಾರಿ ಒಂದೇ. ನನಗೇನೂ ಸ್ವಾರಸ್ಯ ಕಾಣಲಿಲ್ಲ ಎಂದು ಬರೆಯುವ ಸ್ವಾತಂತ್ರ್ಯವಿಲ್ಲದ ಕಡೆ, ಕಂಡಿತು ಎಂದು ಬರೆದದ್ದಕ್ಕೆ ಏನು ಬೆಲೆ? ರಿಚರ್ಡ್ಸನ ಹುಡುಗರಿಗೆ ದೊಡ್ಡ ಕವಿಯನ್ನು ತಳ್ಳಿಹಾಕುವ ಹಕ್ಕಿತ್ತು. ಆದ್ದರಿಂದಲೇ ಅವರಲ್ಲಿ ಮೆಚ್ಚಿದವರ ಮಾತನ್ನು ನಂಬಬಹುದಾಗಿತ್ತು. ನಾನು ಪ್ರಶ್ನೆ ತೆಗೆಯುವವನಾಗಿದ್ದರೆ ಸ್ವಾರಸ್ಯವೆಂಬ ಮಾತನ್ನೇ ಆ ಪತ್ರಿಕೆಯಿಂದ ಕೆಲವು ಕಾಲ ರಜೆಯ ಮೇಲೆ ಕಳುಹಿಸುತ್ತಿದ್ದೆ. ತೋರಿಸಬಹುದಾದದ್ದನ್ನು ಮಾತ್ರ ಕೇಳುತ್ತಿದ್ದೆ. ದುಷ್ಟಬುದ್ಧಿ ಕೂಲಿಯ ಆಳೊಬ್ಬನನ್ನು ಪೊಟರೆಯಲ್ಲಿ ಕೂರಿಸದೆ ತಂದೆಯನ್ನೇ ಏಕೆ ಕೂರಿಸಿದ? ಈ ವಾಕ್ಯದಲ್ಲಿ ಯಾವ ಶಬ್ದವನ್ನು ತೆಗೆದರೆ ಕಥೆಗೆ ನಷ್ಟವಾಗುತ್ತದೆ? ಇವಕ್ಕೆ ಹಳ್ಳಿಯ ಮಗುವೂ ಉತ್ತರ ಹೇಳಬಲ್ಲದು, ಪುಸ್ತಕವಿರುವ ಮನೆಯ ಮಗುವೂ ಹೇಳಬಲ್ಲದು. ತಂದೆಯೆಂದರೇನೆಂಬುದನ್ನು ತಿಳಿಯಲು ಕಪಾಟು ಬೇಕಾಗಿಲ್ಲ.

ಇದನ್ನು ನನ್ನ ಮಿತ್ರರ ಮುಂದೆ ಹೇಳಿದಾಗ ಅವರು ನಕ್ಕು, “ಮುಂದಿನ ವರ್ಷದ ಗೈಡಿನಲ್ಲಿ ನಿಮ್ಮ ಪ್ರಶ್ನೆಗೂ ಉತ್ತರ ಅಚ್ಚಾಗಿರುತ್ತದೆ” ಎಂದರು. ಆಗಿರುತ್ತದೆ. ಅದರ ಮುಂದಿನ ವರ್ಷ ಬೇರೆ ಶಬ್ದವನ್ನು ಕೇಳಬೇಕು. ಪ್ರಶ್ನೆ ತೆಗೆಯುವವರು ಪ್ರತಿ ವರ್ಷ ಪಾಠವನ್ನು ಹೊಸದಾಗಿ ಓದಬೇಕಾಗುತ್ತದೆ. ಅಷ್ಟು ಶ್ರಮವನ್ನು ಮಕ್ಕಳಿಂದ ನಿರೀಕ್ಷಿಸುವವರು ತಾವೂ ಪಡುವುದರಲ್ಲಿ ಅನ್ಯಾಯವೇನಿಲ್ಲ ಎಂದು ನನ್ನ ಅಭಿಪ್ರಾಯ.

ಮೆಟ್ಟಿಲ ಮೇಲಿನ ಚರ್ಚೆ ‘ಮಾರ್ಕ್ಸ್ ಹೋಗತ್ತೆ’ ಎಂಬಲ್ಲಿಗೆ ಮುಗಿಯಲಿಲ್ಲ. ಅದುವರೆಗೆ ಬಾಯಿಬಿಡದೆ ಕುಳಿತಿದ್ದ ನಾಲ್ಕನೆಯ ಹುಡುಗಿ, ಆ ಗುಂಪಿನಲ್ಲಿ ಟ್ಯೂಷನ್ನಿಗೆ ಹೋಗದವಳು, ಒಂದು ಉಪಾಯ ಹೇಳಿದಳು. “ಮೊದಲು ಕೀ ಆನ್ಸರಲ್ಲಿ ಇರೋದನ್ನ ಬರಿ. ಕೆಳಗೆ ಒಂದು ಸಾಲು ಜಾಗ ಇರತ್ತಲ್ಲ, ಅಲ್ಲಿ ನಿಂದು ಬರಿ. ಜಾಸ್ತಿ ಬರೆದಿದ್ದಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ.”

ಹೀಗೆ ಕೆಳಗಿನ ಸಾಲಿನಲ್ಲಿ ಬರೆದದ್ದನ್ನು ಕಂಡದ್ದುಂಟೆ ಎಂದು ನನ್ನ ಮಿತ್ರರನ್ನು ಕೇಳಿದೆ. ಅಪರೂಪಕ್ಕೆ ಉಂಟು ಎಂದರು. ಅದಕ್ಕೆ ಅಂಕವೆಷ್ಟು ಕೊಡುತ್ತೀರಿ? “ಅಂಕ ಮೇಲಿನ ಸಾಲಿಗೇ ಸಂದುಹೋಗಿರುತ್ತದೆ, ಇದಕ್ಕೆ ಬೇರೆ ಕೊಡಲು ಕಲಮಿಲ್ಲ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಆದರೆ ಪಕ್ಕದ ಮೇಜಿನವರನ್ನು ಕರೆದು, ಇಲ್ಲಿ ನೋಡಿ ಬನ್ನಿ ಎಂದು ತೋರಿಸುತ್ತೇನೆ.”